ಜೈಲಿನೊಳಗೊಂದು ಪಾಠಶಾಲೆ

ಪುಣೆಯಲ್ಲಿ ನಾನು ಆಫೀಸಿಗೆ ಹೋಗುವ ದಾರಿಯಲ್ಲಿ ಯೆರವಡಾ ಜೈಲು ಸಿಗುತ್ತದೆ. ನಮ್ಮ ದೇಶದಲ್ಲಿ ಕೈದಿ ತಾಯಿಯ ಜೊತೆ ಮಗು ಆರು ವರ್ಷದವರೆಗೆ ಜೈಲಿನಲ್ಲೇ ಇರಬಹುದು ಎಂದು ತಿಳಿದ ಮೇಲೆ, ಆ ಗೋಡೆ ಕಂಡಾಗಲೆಲ್ಲ ಎಲಿಜಬೆತ್ ಫ್ರೈ ನೆನಪಾಗುತ್ತಾರೆ.

1780ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ, ಬ್ಯಾಂಕ್ ನಡೆಸುತ್ತಿದ್ದ ಗರ್ನಿ ಮನೆತನದಲ್ಲಿ ಹುಟ್ಟಿದವರು ಅವರು. ಹನ್ನೆರಡಕ್ಕೆ ತಾಯಿಯನ್ನು ಕಳೆದುಕೊಂಡರು. ಇಪ್ಪತ್ತಕ್ಕೆ ಮದುವೆ, ಮುಂದೆ ಹನ್ನೊಂದು ಮಕ್ಕಳು. 1813ರಲ್ಲಿ ಲಂಡನ್ನಿನ ನ್ಯೂಗೇಟ್ ಜೈಲಿಗೆ ಮೊದಲ ಸಲ ಹೋದಾಗ, ಸುಮಾರು 300 ಹೆಂಗಸರು ಮಕ್ಕಳೊಂದಿಗೆ ಅಲ್ಲಿ ಕಿಕ್ಕಿರಿದಿದ್ದರು. ಹಾಸಿಗೆಯಿಲ್ಲ, ಎಳೆಗೂಸುಗಳಿಗೆ ಬಟ್ಟೆಯಿಲ್ಲ. ಬೆಚ್ಚನೆಯ ಬಟ್ಟೆ ಹೊಲಿಸಿ ಕೊಟ್ಟು ಬಂದರು.

ಆಮೇಲೆ ಮನೆಯ ತಾಪತ್ರಯಗಳು. 1815ರಲ್ಲಿ ಐದು ತುಂಬದ ಮಗಳೇ ತೀರಿಕೊಂಡಳು. ಮುಂದಿನ ವರ್ಷದ ಕೊನೆಗೆ ಅವರು ಮತ್ತೆ ನ್ಯೂಗೇಟಿಗೆ ಹೋದರು. ಈ ಸಲ ತಾಯಂದಿರ ನಡುವೆ ಕುಳಿತು, ಈ ಮಕ್ಕಳಿಗಾಗಿ ಏನು ಮಾಡೋಣ ಎಂದು ಅವರನ್ನೇ ಕೇಳಿದರು. ಶಾಲೆಯ ಮಾತಿಗೆ ತಾಯಂದಿರು ಸಂತೋಷದಿಂದ ಒಪ್ಪಿದರು. ಅಧಿಕಾರಿಗಳು ಮಾತ್ರ ಜಾಗವಿಲ್ಲ, ಇದು ನಡೆಯುವುದಿಲ್ಲ ಎಂದರು. ಕೊನೆಗೊಂದು ಖಾಲಿ ಕೋಣೆ ಸಿಕ್ಕಿತು. ಮೇಷ್ಟ್ರಮ್ಮನನ್ನು ಆರಿಸಿದವರೂ ಕೈದಿಗಳೇ: ಗಡಿಯಾರ ಕದ್ದು ಜೈಲು ಸೇರಿದ್ದ ಮೇರಿ ಕಾನರ್. ಮಕ್ಕಳು ಕಲಿಯುವುದನ್ನು ಕಂಡು ದೊಡ್ಡವರೂ ಬಾಗಿಲಲ್ಲಿ ಬಂದು ನಿಂತರು.

1817ರಲ್ಲಿ ಕೆಲವು ಗೆಳತಿಯರನ್ನು ಸೇರಿಸಿಕೊಂಡು ಎಲಿಜಬೆತ್ ಒಂದು ಸಂಘ ಕಟ್ಟಿದರು. ಹೆಂಗಸರಿಗೆ ಹೊಲಿಗೆ ಕಲಿಸಿದರು. ಅಲ್ಲಿನ ನಿಯಮಗಳನ್ನೂ ಕೈದಿಗಳ ಮುಂದೆ ಓದಿ, ಒಂದೊಂದಕ್ಕೂ ಅವರ ಒಪ್ಪಿಗೆ ಪಡೆದರು. ಮರುವರ್ಷ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. 1823ರ ಕಾನೂನು ಮಹಿಳಾ ಕೈದಿಗಳಿಗೆ ಮಹಿಳೆಯರೇ ಕಾವಲಿರಬೇಕೆಂದು ವಿಧಿಸಿತು.

ಬದುಕು ಸಲೀಸಾಗಿರಲಿಲ್ಲ. ಸ್ವಂತ ಮಕ್ಕಳನ್ನು ಬಿಟ್ಟು ತಿರುಗುತ್ತಾಳೆಂದು ಜನ ಆಡಿಕೊಂಡರು. 1828ರಲ್ಲಿ ಗಂಡನ ಬ್ಯಾಂಕ್ ಮುಳುಗಿತು. ಆದರೂ 1845ರಲ್ಲಿ ತೀರಿಕೊಳ್ಳುವ ತನಕ ಕೈದಿಗಳ ಚಿಂತೆ ಬಿಡಲಿಲ್ಲ.

ನಾನು ಸಾಫ್ಟ್‌ವೇರ್‌ನವಳು. ಬಳಸುವವರನ್ನು ಕೇಳದೆ ಕಟ್ಟಿದ್ದು ಮೂಲೆ ಸೇರುತ್ತದೆ ಎಂಬುದು ನನ್ನ ಅನುಭವ. ಆದರೂ ಪ್ರತಿ ವರ್ಷ ಹಳೇ ಬಟ್ಟೆ, ನೋಟ್‌ಬುಕ್ ಹಂಚುವಾಗ, ನಿಮಗೆ ಬೇಕಾದದ್ದೇನು ಎಂದು ನಾನು ಒಬ್ಬ ತಾಯಿಯನ್ನೂ ಕೇಳಿಲ್ಲ.

ಸಖಿಯರೇ, ಈ ಸಲ ಮೊದಲು ಕೇಳೋಣವೇ?