ಜಿಮ್ ಥೋರ್ಪ್: ಮರಣಾನಂತರ ಮರಳಿದ ಚಿನ್ನ

ಅಮೆರಿಕದ ಮೂಲನಿವಾಸಿ ಸ್ಯಾಕ್ ಅಂಡ್ ಫಾಕ್ಸ್ ಬುಡಕಟ್ಟಿನ ಜಿಮ್ ಥೋರ್ಪ್, 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್ ಹಾಗೂ ಡೆಕಾಥ್ಲಾನ್ ಚಿನ್ನ ಗೆದ್ದ ಅಪ್ರತಿಮ ಕ್ರೀಡಾಪಟು. ಅವರು ಓದಿದ ಪೆನ್ಸಿಲ್ವೇನಿಯಾದ ಕಾರ್ಲೈಲ್ ಶಾಲೆಯು ಬುಡಕಟ್ಟು ಮಕ್ಕಳಿಗೆ ತಾಯಿನುಡಿ, ಉಡುಗೆಗಳನ್ನು ಬಿಡಿಸಿ ಬಿಳಿಯರ ರೀತಿನೀತಿಗೆ ಒಗ್ಗಿಸಲು 1879ರಲ್ಲಿ ಸ್ಥಾಪನೆಗೊಂಡಿತ್ತು.

ಒಲಿಂಪಿಕ್ಸ್‌ನಿಂದ ಮರಳಿದ ಥೋರ್ಪ್, ಅದೇ ವರ್ಷದ ಕಾಲೇಜು ಅಮೆರಿಕನ್ ಫುಟ್‌ಬಾಲ್ ಋತುವಿನಲ್ಲಿ ಕಾರ್ಲೈಲ್ ತಂಡದ ಆಧಾರಸ್ತಂಭವಾದರು. ತಂಡ 12 ಪಂದ್ಯ ಗೆದ್ದು, ಒಂದನ್ನಷ್ಟೇ ಸೋತಿತು, ಒಂದು ಸಮಬಲವಾಯಿತು. ನವೆಂಬರ್ 9ರಂದು ವೆಸ್ಟ್ ಪಾಯಿಂಟ್‌ನಲ್ಲಿ, ತಮ್ಮ ಹಿರಿಯರ ನೆಲ ಕಸಿದ ಸೇನೆಯ ಭಾವಿ ಅಧಿಕಾರಿಗಳನ್ನೇ ಈ ಹುಡುಗರು 27–6ರಿಂದ ಮಣಿಸಿದರು. ಸೋತವರಲ್ಲಿ ಮುಂದೆ ಅಧ್ಯಕ್ಷರಾದ ಐಸೆನ್‌ಹೋವರ್ ಕೂಡ ಇದ್ದರು.

ಹಿಂದೊಮ್ಮೆ ಹಣ ಪಡೆದು ಬೇಸ್‌ಬಾಲ್ ಆಡಿದ್ದರೆಂಬ ಕಾರಣಕ್ಕೆ 1913ರಲ್ಲಿ ಥೋರ್ಪ್ ಅವರ ಪದಕಗಳನ್ನು ಹಿಂಪಡೆಯಲಾಯಿತು. 1953ರಲ್ಲಿ ಅವರು ಬಡತನದಲ್ಲೇ ಕಣ್ಮುಚ್ಚಿದರು. 1982ರಲ್ಲಿ ಒಲಿಂಪಿಕ್ ಸಮಿತಿ ಅವರನ್ನು ಸಹವಿಜೇತರೆಂದಷ್ಟೇ ಒಪ್ಪಿತು. ಏಕೈಕ ವಿಜೇತರೆಂಬ ಪೂರ್ಣ ನ್ಯಾಯ ಸಂದದ್ದು 2022ರಲ್ಲಿ.