ಎಲೆಯನ್ನು ಮಗುಚಿ ನೋಡಿದವರು: ಫಾದರ್ ಎಥೆಲ್‌ಬರ್ಟ್ ಬ್ಲಾಟರ್

ಈ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಆಗ್ರಹಪಡಿಸಿದರು. ಶರಣರ ಹಾಗೂ ದೇಶಭಕ್ತರ ಚರಿತ್ರೆಯನ್ನು ನನಗಿಂತ ಸೊಗಸಾಗಿ ಬರೆಯಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಆದುದರಿಂದ ಸಸ್ಯಶಾಸ್ತ್ರದಲ್ಲಿ ಸುಪ್ರಸಿದ್ಧರಾಗಿದ್ದರೂ ನಮ್ಮ ಮಕ್ಕಳ ಕಿವಿಗೆ ಅಷ್ಟಾಗಿ ಬೀಳದ ಹೆಸರೊಂದನ್ನು ಆರಿಸಿಕೊಂಡಿದ್ದೇನೆ. ಅವರು ಫಾದರ್ ಎಥೆಲ್‌ಬರ್ಟ್ ಬ್ಲಾಟರ್.

ಬ್ಲಾಟರರು 1877ನೆಯ ಇಸವಿಯ ಡಿಸೆಂಬರ್ 15ರಂದು ಸ್ವಿಟ್ಜರ್ಲೆಂಡ್ ದೇಶದಲ್ಲಿ ಜನಿಸಿದರು. ತಾರುಣ್ಯದಲ್ಲಿಯೇ ಜೆಸ್ಯೂಟ್ ಪಂಥವನ್ನು ಸೇರಿ, 1903ರಲ್ಲಿ ಮುಂಬಯಿಗೆ ಬಂದು, ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಅಲ್ಲಿ 1906ರಲ್ಲಿ ಆರಂಭವಾದ ಒಣಸಸ್ಯಗಳ ಸಂಗ್ರಹವು ಅವರ ಪರಿಶ್ರಮದಿಂದ ಬೆಳೆಯಿತು. ಶಾಸ್ತ್ರಜ್ಞರು ಇಂತಹ ಸಂಗ್ರಹವನ್ನು ಹರ್ಬೇರಿಯಂ ಎಂದು ಕರೆಯುತ್ತಾರೆ. ನಡುವೆ ಕೆಲವು ವರ್ಷ ಯೂರೋಪಿನಲ್ಲಿದ್ದು ಮತಶಾಸ್ತ್ರದ ಅಭ್ಯಾಸವನ್ನು ಮುಗಿಸಿಕೊಂಡು ಮರಳಿದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮುಂಬಯಿಯ ಜರ್ಮನ್ ಪಾದ್ರಿಗಳು ಬಂಧನಕ್ಕೊಳಗಾಗಿ ಸ್ವದೇಶಕ್ಕೆ ಹೋಗಬೇಕಾಯಿತು. ಸ್ವಿಸ್ ದೇಶದವರಾದ ಬ್ಲಾಟರರು ಇಲ್ಲಿಯೇ ಉಳಿದರು. 1919ರಿಂದ 1924ರವರೆಗೆ ಕಾಲೇಜಿನ ಪ್ರಾಂಶುಪಾಲರಾಗಿ ಸೇವೆ ಸಲ್ಲಿಸಿದರು.

ಪ್ರಾಂಶುಪಾಲರಾಗಿದ್ದಾಗಲೇ, 1922ರಲ್ಲಿ, ಜೆ. ಎಫ್. ಡಿ'ಅಲ್ಮೇಡಾ ಅವರೊಡನೆ ಮುಂಬಯಿ ಪ್ರಾಂತದ ಜರಿಗಿಡಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಅಂದಿನ ಮುಂಬಯಿ ಪ್ರಾಂತವೆಂದರೆ ಸಿಂಧ್‌ನಿಂದ ಉತ್ತರ ಕನ್ನಡದವರೆಗೆ ಹಬ್ಬಿದ ಪ್ರದೇಶ. ವಿಜಾಪುರ, ಧಾರವಾಡ, ಬೆಳಗಾವಿ, ಸೊಲ್ಲಾಪುರ ಎಲ್ಲವೂ ಅದರಲ್ಲಿಯೇ ಇದ್ದವು. ನಮ್ಮ ದುಧನಿ ಮಾತ್ರ ಅಕ್ಕಲಕೋಟ ಸಂಸ್ಥಾನದ ಊರಾಗಿತ್ತು. ಆದರೆ ಗಿಡಗಳಿಗೆ ಸಂಸ್ಥಾನದ ಗಡಿ ಎಲ್ಲಿಯದು?

ಬಿಸಿಲ ನಾಡಿನ ನಮಗೆ ಜರಿಗಿಡದ ಗೊಡವೆ ಏಕೆಂದು ಕೆಲವರು ಕೇಳಬಹುದು. ಜರಿಗಿಡಗಳಿಗೆ ಹೂವಿಲ್ಲ, ಬೀಜವಿಲ್ಲ. ಎಲೆಯ ಅಡಿಯಲ್ಲಿ ಹುಡಿಯಂತಹ ಬೀಜಾಣುಗಳು ಹುಟ್ಟಿ, ಅವುಗಳಿಂದಲೇ ಸಂತತಿ ಮುಂದುವರಿಯುತ್ತದೆ. ಬಹುಪಾಲು ಜರಿಗಿಡಗಳು ಮಲೆನಾಡಿನ ನೆರಳಲ್ಲಿ ಬೆಳೆಯುತ್ತವೆಂಬುದು ನಿಜ. ಆದರೆ ಕಲ್ಲನ್ನೇ ಮನೆಯಾಗಿ ಮಾಡಿಕೊಂಡ ಕೆಲವು ಜಾತಿಗಳುಂಟು. ಮಯೂರಶಿಖೆ ಅಂತಹದು. ನವಿಲಿನ ಗರಿಯಂತೆ ಬಿಚ್ಚಿಕೊಳ್ಳುವ ಈ ಪುಟ್ಟ ಗಿಡವು ಬೇಸಗೆಯಲ್ಲಿ ಬಂಡೆಯ ಬಿರುಕಿನಲ್ಲಿ ಮುರುಟಿ ಒಣಗಿದಂತಿದ್ದು, ಮಳೆ ಬಿದ್ದೊಡನೆ ಹಸಿರಾಗಿ ಅರಳುತ್ತದೆ. ನಾನು ವಿಜ್ಞಾನದ ಪಾಠ ಹೇಳುತ್ತಿದ್ದ ದಿನಗಳಲ್ಲಿ ವಿದ್ಯಾರ್ಥಿಗಳು ಹಳೆಯ ಬಾವಿಗಳ ಕಲ್ಲುಗೋಡೆಯಿಂದ ಹಂಸಪದಿಯ ಜಾತಿಯ ಜರಿಗಿಡಗಳನ್ನು ತಂದು ನನ್ನ ಮೇಜಿನ ಮೇಲಿಡುತ್ತಿದ್ದರು.

ಇಲ್ಲಿಯೇ ಕಷ್ಟವು ಆರಂಭವಾಗುತ್ತದೆ. ಹಂಸಪದಿಯ ಬಳಗದಲ್ಲಿ ಎಲ್ಲವಕ್ಕೂ ಹೊಳೆಯುವ ಕರಿಯ ತೊಟ್ಟು, ಎಲ್ಲವಕ್ಕೂ ಕೋಮಲವಾದ ಕಿರುಎಲೆ. ಆದರೆ ಸಮೀಪದಿಂದ ಪರೀಕ್ಷಿಸಿದರೆ ಒಂದರ ಕಿರುಎಲೆಗಳು ಅರ್ಧಚಂದ್ರಾಕಾರ, ತೊಟ್ಟು ನುಣುಪು. ಇನ್ನೊಂದರ ತೊಟ್ಟಿನ ಮೇಲೆ ರೋಮಗಳು, ಕಿರುಎಲೆಯ ಅಂಚು ಸೀಳುಸೀಳು. ಇವೆರಡರ ಎಲೆಯ ತುದಿಯೂ ನೆಲವನ್ನು ಮುಟ್ಟಿದಲ್ಲಿ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ಮೂರನೆಯದು ನೀರು ಜಿನುಗುವ ಗೋಡೆಯನ್ನು ಬಯಸುವಂತಹದು. ಅದರ ತೊಟ್ಟು ಕವಲೊಡೆಯುತ್ತದೆ, ಕಿರುಎಲೆಗಳು ಬೆಣೆಯಾಕಾರವಾಗಿರುತ್ತವೆ, ಎಲೆಯ ತುದಿಯಲ್ಲಿ ಬೇರು ಬಿಡುವುದಿಲ್ಲ.

ಬೆಳ್ಳಿ ಜರಿಗಿಡಗಳ ಸಮಸ್ಯೆ ಇನ್ನೂ ಜಟಿಲವಾದದ್ದು. ಇವುಗಳ ಎಲೆಯ ಅಡಿಭಾಗಕ್ಕೆ ಸುಣ್ಣ ಬಳಿದಂತೆ ಬಿಳಿಯ ಹಿಟ್ಟು ಅಂಟಿಕೊಂಡಿರುತ್ತದೆ. ಅಂಗೈಯ ಮೇಲೆ ಒತ್ತಿದರೆ ಎಲೆಯ ಅಚ್ಚು ಮೂಡುತ್ತದೆ. ಈ ಹಿಟ್ಟನ್ನು ನೋಡಿಯೇ ಅಂದಿನ ಗ್ರಂಥಗಳಲ್ಲಿ ನಮ್ಮ ದೇಶದ ಬಹಳಷ್ಟು ಬೆಳ್ಳಿ ಜರಿಗಿಡಗಳನ್ನು ಫ್ಯಾರಿನೋಸಾ ಎಂಬ ಒಂದೇ ಹೆಸರಿನಡಿ ಸೇರಿಸುತ್ತಿದ್ದರು. ಆ ಹೆಸರು ನಮ್ಮ ನಾಡಿನ ಗಿಡಕ್ಕೆ ಕೊಟ್ಟದ್ದಲ್ಲ. ಲಿನ್ನೇಯಸನ ಶಿಷ್ಯನಾದ ಪೀಟರ್ ಫೋರ್ಸ್ಕಾಲ್ ಅರಬಸ್ಥಾನದ ಯೆಮೆನ್‌ನಲ್ಲಿ ಸಂಗ್ರಹಿಸಿದ ಗಿಡಕ್ಕೆ ಅದು ಸಂದದ್ದು. ಆತನು 1763ರಲ್ಲಿ ಅಲ್ಲಿಯೇ ತೀರಿಕೊಂಡನು. ಆತನ ಗ್ರಂಥವು 1775ರಲ್ಲಿ ಅಚ್ಚಾಯಿತು. ಅರಬಸ್ಥಾನದ ಮತ್ತು ಏಡನ್ನಿನ ಸಸ್ಯಗಳನ್ನು ಕುರಿತು ಬ್ಲಾಟರರೇ ಮುಂದೆ ದೊಡ್ಡ ಗ್ರಂಥಗಳನ್ನು ರಚಿಸಿದರೆಂಬುದು ಇಲ್ಲಿ ನೆನೆಯತಕ್ಕ ಸಂಗತಿ.

ಬೆಳ್ಳಿ ಜರಿಗಿಡಗಳನ್ನು ಬೇರ್ಪಡಿಸುವ ಗುರುತು ಎಲೆಗಿಂತ ಹೆಚ್ಚಾಗಿ ಬುಡದಲ್ಲಿದೆ. ತೊಟ್ಟಿನ ಬುಡವನ್ನು ಮುಚ್ಚಿಕೊಂಡಿರುವ ಹೊಟ್ಟಿನಂತಹ ಶಲ್ಕಗಳು ಒಂದು ಜಾತಿಯಲ್ಲಿ ಒಂದೇ ಬಣ್ಣದವು. ಮತ್ತೊಂದರಲ್ಲಿ ನಡುವೆ ಕಡುಕಂದು, ಅಂಚಿಗೆ ತಿಳಿಬಣ್ಣ. ಚೆಂದದ ಎಲೆಯನ್ನಷ್ಟೇ ಕಿತ್ತು ತಂದವನಿಗೆ ಈ ಗುರುತು ಸಿಗದು. ಬುಡಸಹಿತ ಎತ್ತಬೇಕು, ಕಾಗದದ ನಡುವೆ ಒತ್ತಿ ಒಣಗಿಸಬೇಕು, ಒಂದು ಎಲೆಯನ್ನಾದರೂ ಅಡಿಮೇಲಾಗಿಸಿ ಅಂಟಿಸಬೇಕು. ಸಿಕ್ಕಿದ ಸ್ಥಳ, ದಿನಾಂಕ, ಸಂಗ್ರಹಿಸಿದವರ ಹೆಸರು ಇವನ್ನು ಹಾಳೆಯ ಮೂಲೆಯಲ್ಲಿ ಬರೆಯಬೇಕು. ಹರ್ಬೇರಿಯಂನ ಶಿಸ್ತು ಎಂದರೆ ಇದೇ.

ಈ ಶಿಸ್ತಿನ ಫಲವು ಸಂಗ್ರಹಿಸಿದವರ ಕಾಲದ ನಂತರವೂ ದೊರೆಯುತ್ತದೆ. 1960ರ ದಶಕದಲ್ಲಿ ಐರೀನ್ ಮ್ಯಾಂಟನ್ ಎಂಬ ಆಂಗ್ಲ ವಿದುಷಿಯೂ ಅವರ ಸಹೋದ್ಯೋಗಿಗಳೂ ಆಫ್ರಿಕ ಹಾಗೂ ಭಾರತದ ಬೆಳ್ಳಿ ಜರಿಗಿಡಗಳ ವರ್ಣತಂತುಗಳನ್ನು ಎಣಿಸಿ, ಒಂದೇ ಹೆಸರಿನಡಿ ಹಲವು ಜಾತಿಗಳು ಅಡಗಿದ್ದವೆಂದು ತೋರಿಸಿದರು. ಇಂತಹ ಸಂದರ್ಭದಲ್ಲಿ ಗ್ರಂಥದಲ್ಲಿನ ಹೆಸರು ಹಳತಾಗುತ್ತದೆ. ಆದರೆ ಕಪಾಟಿನಲ್ಲಿರುವ ಹಾಳೆ ಹಳತಾಗುವುದಿಲ್ಲ. ಅದನ್ನು ಹೊರತೆಗೆದು, ಶಲ್ಕವನ್ನು ಮತ್ತೊಮ್ಮೆ ಪರೀಕ್ಷಿಸಿ, ಸರಿಯಾದ ಹೆಸರನ್ನು ಬರೆಯಬಹುದು. ಮುಂದಿನವರು ತಮ್ಮನ್ನು ತಿದ್ದಲು ಬೇಕಾದ ಸಾಧನವನ್ನು ತಾವೇ ಕೂಡಿಟ್ಟು ಹೋಗುವುದು ವಿದ್ವಾಂಸರ ದೊಡ್ಡ ಗುಣವೆಂದು ನಾನು ಭಾವಿಸುತ್ತೇನೆ.

ಪ್ರಾಂಶುಪಾಲ ಪದವಿಯನ್ನು ಬಿಟ್ಟ ಮೇಲೂ ಬ್ಲಾಟರರು ವಿಶ್ರಮಿಸಲಿಲ್ಲ. 1926ರಲ್ಲಿ ಭಾರತ ಮತ್ತು ಸಿಂಹಳದ ತಾಳೆ ಜಾತಿಯ ಮರಗಳ ಗ್ರಂಥ ಹೊರಬಂದಿತು. ಅದರ ಬೆನ್ನಿಗೆ ಕಾಶ್ಮೀರದ ಹೂವುಗಳ ಪುಸ್ತಕ ಬಂದಿತು. ಶಿಷ್ಯ ಚಾರ್ಲ್ಸ್ ಮೆಕ್ಯಾನ್‌ರೊಡನೆ ಬರೆದ ಮುಂಬಯಿ ಪ್ರಾಂತದ ಹುಲ್ಲುಗಳ ಗ್ರಂಥವು ಅಚ್ಚಾದದ್ದು 1935ರಲ್ಲಿ. ಅದನ್ನು ನೋಡಲು ಅವರು ಇರಲಿಲ್ಲ. 1932ರಲ್ಲಿ ಬಂಗಾಲದ ಏಷಿಯಾಟಿಕ್ ಸೊಸೈಟಿಯು ಬ್ರೂಲ್ ಸ್ಮಾರಕ ಪದಕವನ್ನು ಮೊಟ್ಟಮೊದಲಿಗೆ ಅವರಿಗೇ ನೀಡಿ ಗೌರವಿಸಿತ್ತು. 1934ರ ಮೇ 26ರಂದು ಪುಣೆಯಲ್ಲಿ ಅವರು ದೈವಾಧೀನರಾದರು. ಮುಂಬಯಿಯ ಆ ಸಂಗ್ರಹಾಲಯವು ಇಂದು ಬ್ಲಾಟರ್ ಹರ್ಬೇರಿಯಂ ಎಂದೇ ಪ್ರಖ್ಯಾತವಾಗಿದೆ.

ಗಡಿನಾಡಿನ ನಮಗೆ ಈ ಚರಿತ್ರೆಯಲ್ಲಿ ಒಂದು ಪಾಠವಿದೆ. ನಮ್ಮ ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ದೂರದಿಂದ ನೋಡುವವರು ನಮ್ಮನ್ನು ಯಾವುದಾದರೊಂದು ಹೆಸರಿನಡಿ ಸುಲಭವಾಗಿ ಸೇರಿಸಿಬಿಡುತ್ತಾರೆ. ಹತ್ತಿರ ಬಂದು ನೋಡುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಆ ತಾಳ್ಮೆಯನ್ನು ನಾವಾದರೂ ನಮ್ಮ ಸುತ್ತಲಿನ ಗಿಡಮರಗಳ ವಿಷಯದಲ್ಲಿ, ನೆರೆಯವರ ವಿಷಯದಲ್ಲಿ ಬೆಳೆಸಿಕೊಳ್ಳೋಣ.

ಹಳೆಯ ಬಾವಿಗಳು ಇಂದು ಹಾಳು ಬೀಳುತ್ತಿವೆ. ಉಳಿದ ಕಲ್ಲುಗೋಡೆಗಳಿಗೆ ಸಿಮೆಂಟಿನ ಗಿಲಾವು ಬರುತ್ತಿದೆ. ಬಿರುಕು ಮುಚ್ಚಿದರೆ ಅದರಲ್ಲಿನ ಗಿಡವೂ ಹೋಯಿತು, ಗಿಡ ಹೋದರೆ ಅದರ ಕನ್ನಡದ ಹೆಸರೂ ಹೋಯಿತು. ಆದುದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಈ ಮಳೆಗಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ, ನಮ್ಮ ಸುತ್ತಲಿನ ಗಿಡಗಳನ್ನು ಜಾತಿಗೊಂದರಂತೆ ಒಣಗಿಸಿ ಹಾಳೆಗಳ ಒಂದು ಕಟ್ಟು ಮಾಡಿಸಿರಿ. ಊರಿನ ಹಿರಿಯರನ್ನು ಕೇಳಿ ಕನ್ನಡದ ಹೆಸರನ್ನೂ ಮರಾಠಿಯ ಹೆಸರನ್ನೂ ಬರೆಯಿಸಿರಿ. ಶಾಲೆಯು ಶತಮಾನೋತ್ಸವವನ್ನು ಆಚರಿಸುವ ದಿನ ನಾವು ಇರುವುದಿಲ್ಲ. ಆ ಕಟ್ಟು ಇರಲಿ, ಅದನ್ನು ತಿದ್ದಬಲ್ಲ ಮಕ್ಕಳೂ ಇರಲಿ ಎಂದು ಹಾರೈಸುತ್ತೇನೆ.