ಅಲೀ ಬರೀದನ ಬಣ್ಣದ ಮನೆ

ಬೀದರ ಕೋಟೆಯ ಗುಂಬದ ದರವಾಜೆಯ ಹತ್ತಿರದ ರಂಗೀನ ಮಹಲು ಭಾರಿ ಅರಮನೆಯೇನಲ್ಲ. ಅದಕ್ಕೆ ಒಳಗಿನ ಚೆಲುವನ್ನು ಕೊಟ್ಟವನು ಅಲೀ ಬರೀದಶಾಹ. ಬಹಮನಿ ಅರಸರ ಮಂತ್ರಿಗಳಾಗಿದ್ದ ಮನೆತನದವನು. ತಂದೆ ಅಮೀರ ಬರೀದನ ತರುವಾಯ 1542ರಲ್ಲಿ ಅಧಿಕಾರಕ್ಕೆ ಬಂದು, ಆ ವಂಶದಲ್ಲಿ ಮೊದಲಿಗನಾಗಿ ಶಾಹ ಎಂಬ ಬಿರುದನ್ನು ಧರಿಸಿದನು. ಬಿರುದೇನೋ ಬೆಳೆಯಿತು, ರಾಜ್ಯ ಮಾತ್ರ ಕುಗ್ಗಿತು. ಔಸಾ, ಉದಗೀರ, ಕಂಧಾರದ ಕೋಟೆಗಳು ಅಹಮದನಗರದ ಪಾಲಾದವು. 1565ರ ರಕ್ಕಸತಂಗಡಿ ಕಾಳಗದಲ್ಲಿ ಸುಲ್ತಾನರ ಕೂಟದಲ್ಲಿ ಇವನೂ ಇದ್ದನು.

ನೆಲ ಕಳೆದುಕೊಂಡ ಈ ಅರಸನು ಮನೆಯೊಳಗನ್ನು ಸಿಂಗರಿಸಿದ ಬಗೆಯನ್ನು ನೋಡಬೇಕು. ಹಜಾರದಲ್ಲಿ ಕೆತ್ತನೆಯ ಮರದ ಕಂಬಗಳು, ಬೋದಿಗೆಗಳು. ಒಳಕೋಣೆಯ ಬಾಗಿಲ ಸುತ್ತ ಬಣ್ಣದ ಬಿಲ್ಲೆಗಳು. ಒಳಗೆ ಕರಿಗಲ್ಲಿನಲ್ಲಿ ಕೂಡಿಸಿದ ಮುತ್ತಿನ ಚಿಪ್ಪು. ಮರದಲ್ಲಿ ಚಿಪ್ಪು ಕೂಡಿಸುವುದೇ ನಾಜೂಕಿನ ಕೆಲಸ. ಆ ಗಡುಸು ಕಲ್ಲಿನಲ್ಲಿ ಬಳ್ಳಿಯ ಕುಡಿಯಷ್ಟು ಸಣ್ಣ ತಗ್ಗು ತೋಡಿದ ಕೈ ಎಂಥದಿರಬೇಕು! ನಮ್ಮ ಬಿದರಿ ಪಾತ್ರೆಗಳಲ್ಲಿಯೂ ಕಪ್ಪಿನ ಮೇಲೆ ಬಿಳುಪೇ ಹೊಳೆಯುವುದು. ನನ್ನ ಕಣ್ಣಿಗೆ ಇವೆರಡೂ ಒಂದೇ ಮನೆಯ ಮಕ್ಕಳು. ಔರಾದ, ಭಾಲ್ಕಿಗಳಿಂದ ಬರುವ ಗೆಳೆಯರಿಗೆ ನಾನು ಹೇಳುವುದಿಷ್ಟೆ: ಹೊರಗೋಡೆ ನೋಡಿ ತಿರುಗಬೇಡಿರಿ.

ಬದುಕಿದ್ದಾಗಲೇ, 1576ರ ಸುಮಾರಿಗೆ, ಊರ ಪಡುವಣಕ್ಕೆ ತನ್ನ ಗೋರಿಯನ್ನೂ ಅವನು ಕಟ್ಟಿಸಿದನು. ಅಲ್ಲಿಯೂ ಒಳಗೆ ಬಣ್ಣದ ಬಿಲ್ಲೆಗಳೇ. ಆದರೆ ಬಾಗಿಲಿಲ್ಲ, ನಾಲ್ಕೂ ದಿಕ್ಕಿಗೆ ತೆರೆದ ಕಮಾನುಗಳು. 1580ರಲ್ಲಿ ಅವನನ್ನು ಮಲಗಿಸಿದ ಕರಿಗಲ್ಲ ಸಮಾಧಿಯ ಮೇಲೆ ಗಾಳಿಬೆಳಕು ತಡೆಯಿಲ್ಲದೆ ಆಡುವುದು.